ಹಳೇ ಇಳಕಲ್ ಸೀರೆ, ಒಂದು ಹೊರಸು: ಫಿನ್ಲೆಂಡ್ ಮಾದರಿಯ ಚಿಂದಿ ಜಮಖಾನೆ ನೇಯುವುದು ಹೇಗೆ

ಮೂರು ಹಳೇ ಹತ್ತಿ ಸೀರೆ ಇದ್ದು, ನವಾರ ಹರಿದ ಹೊರಸೊಂದು ಮೂಲೆಯಲ್ಲಿ ಬಿದ್ದಿದ್ದರೆ, ಈ ಜಮಖಾನೆಗೆ ಬೇಕಾದ್ದು ಮುಕ್ಕಾಲು ಪಾಲು ನಿಮ್ಮ ಮನೆಯಲ್ಲೇ ಇದೆ. ಉಳಿದದ್ದು ಗಟ್ಟಿ ಹತ್ತಿ ಹುರಿ, ಮರದ ಒಂದು ಅಗಲ ಪಟ್ಟಿ, ಒಂದು ದುಂಡು ಕೋಲು. ಮಗ್ಗ ಬೇಕಿಲ್ಲ.

ನಾನು ಇಳಕಲ್ಲಿನ ಸೊಸೆ. ಬ್ಲೌಸ್ ಹೊಲಿಯುವುದು ನನ್ನ ಕೆಲಸ. ಮಾವನವರು ಸೀರೆ ನೇಯುತ್ತಿದ್ದ ಕುಣಿಮಗ್ಗ ಈಗ ನಿಂತಿದೆ. ತಂಗಿಯ ಮಗ ಫಿನ್ಲೆಂಡಿನ ಟಾಂಪೆರೆಯಲ್ಲಿದ್ದಾನೆ. ಅಲ್ಲಿಯ ಹಳೇ ಸಾಮಾನಿನ ಅಂಗಡಿಯಲ್ಲಿ ಕೊಂಡ ಒಂದು ಚಿಂದಿ ಜಮಖಾನೆ ತಂದುಕೊಟ್ಟ. ಅದರ ಒಂದು ತುದಿ ಬಿಚ್ಚಿ, ಎಳೆ ಎಣಿಸಿ ನೋಡಿದೆ. ಉದ್ದಕ್ಕೆ ಹೂಡುವ ಎಳೆ ಹಾಸು, ಅಡ್ಡಕ್ಕೆ ತೂರಿಸುವುದು ಹೊಕ್ಕು; ಆ ಲೆಕ್ಕ ಎಲ್ಲಾ ಊರಿನಲ್ಲೂ ಒಂದೇ ಅಲ್ವಾ?

ಅಲ್ಲಿ ಇದಕ್ಕೆ ರ್ಯಾಸುಮತ್ತೊ ಅನ್ನುತ್ತಾರೆ. 19ನೇ ಶತಮಾನದಲ್ಲಿ ಗಿರಣಿಯ ಹತ್ತಿ ಬಟ್ಟೆ ಹಳ್ಳಿಗಳಿಗೂ ಬಂದ ಮೇಲೆ ಬೆಳೆದ ರೂಢಿ ಇದು. ಸವೆದ ಅಂಗಿ, ಹಾಸಿಗೆ ಬಟ್ಟೆ ಹರಿದು ಪಟ್ಟಿ ಮಾಡುವುದು, ಉಂಡೆ ಸುತ್ತಿಡುವುದು, ಉಂಡೆ ಸಾಕಷ್ಟಾದಾಗ ನೇಯುವುದು. ಹಲಗೆಯ ನೆಲ, ಮುಗಿಯದ ಚಳಿ, ಮನೆಯೊಳಗೆ ಚಪ್ಪಲಿ ಹಾಕದ ಜನ. ಹಾಗಾಗಿ ಮಗ್ಗದಷ್ಟೇ ಅಗಲದ, ಕೋಣೆಯಷ್ಟು ಉದ್ದದ ಜಮಖಾನೆಗಳನ್ನು ಸಾಲಾಗಿ ಹಾಸುತ್ತಿದ್ದರು. ಈಗಲೂ ಹಾಸುತ್ತಾರೆ.

ಫಿನ್ಲೆಂಡಿನ ಕುಶಲ ಕಲೆ ಅಂದ ಕೂಡಲೇ ಜನ ವಾಸ್ತುಶಿಲ್ಪಿ ಆಲ್ವಾರ್ ಆಲ್ಟೊ ಅವರ ಮೂರು ಕಾಲಿನ ಸ್ಟೂಲು, ಇಟಾಲಾ ಕಂಪನಿಯ ಗಾಜು ಅನ್ನುತ್ತಾರೆ. 1951ರಲ್ಲಿ ಇಟಲಿಯ ಮಿಲಾನ್‌ನಲ್ಲಿ ನಡೆದ ವಿನ್ಯಾಸ ಪ್ರದರ್ಶನದಲ್ಲಿ ಆ ದೇಶ ಬಹುಮಾನಗಳನ್ನು ಬಾಚಿಕೊಂಡಿತು. ಗಾಜಿನ ಜೊತೆಗೆ ಎವಾ ಬ್ರುಮ್ಮರ್ ಅವರಂಥವರು ಮಾಡಿದ ಗಂಟು ನೇಯ್ಗೆಯ ರ್ಯೂಯು ಜಮಖಾನೆಗಳಿಗೂ ಬಹುಮಾನ ಬಂತು. ಆದರೆ ಆಗಿನ್ನೂ ಎರಡನೇ ಮಹಾಯುದ್ಧ ಮುಗಿದು ಆರೇ ವರ್ಷ. ಯುದ್ಧದ ಕಾಲದಲ್ಲಿ ಹತ್ತಿ, ಉಣ್ಣೆ ಎರಡಕ್ಕೂ ಬರ ಬಂದಾಗ ಅಲ್ಲಿಯ ನೇಕಾರರು ಕಾಗದವನ್ನೇ ಹುರಿ ಮಾಡಿ ನೇಯ್ದರು. ಇದ್ದುದರಲ್ಲೇ ಅಚ್ಚುಕಟ್ಟಾಗಿ ಮಾಡುವ ಅಭ್ಯಾಸ ಅಂಥ ಕಡೆಯಿಂದ ಬಂದದ್ದು. ಚಿಂದಿ ಜಮಖಾನೆಯೂ ಅದೇ ಮನೆಯ ಕೂಸು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೊಕ್ಕು ಎಷ್ಟು ಹಳೆಯದಾದರೂ ಆಗುತ್ತದೆ. ಹಾಸು ಮಾತ್ರ ಹೊಸದಿರಬೇಕು. ಬಟ್ಟೆ ಪುಕ್ಕಟೆ ಸಿಕ್ಕಿತು ಅಂತ ಹುರಿಯಲ್ಲೂ ಉಳಿಸಲು ಹೋದರೆ ವರ್ಷದೊಳಗೆ ಜಮಖಾನೆ ನಡುವೆ ಬಿಟ್ಟುಕೊಳ್ಳುತ್ತದೆ.

ಬಟ್ಟೆ ಆರಿಸುವುದು

ಹತ್ತಿ ಬೇಕು. ಸೀರೆ, ಧೋತರ, ಲುಂಗಿ, ಬೆಡ್‌ಶೀಟ್, ಅಂಗಿ ಎಲ್ಲಾ ನಡೆಯುತ್ತದೆ. ಪಾಲಿಯೆಸ್ಟರ್ ಬೇಡ. ಅದು ಜಾರುತ್ತದೆ, ಎಷ್ಟು ಬಡಿದರೂ ಕೂಡುವುದಿಲ್ಲ. ನಮ್ಮ ಇಳಕಲ್ ಸೀರೆಯಲ್ಲಿ ಒಡಲು ಹತ್ತಿಯದಾದರೂ ದಡಿ ಮತ್ತು ಸೆರಗಿನಲ್ಲಿ ಸಾಮಾನ್ಯವಾಗಿ ರೇಷ್ಮೆ ಅಥವಾ ಆರ್ಟ್ ಸಿಲ್ಕ್ ಇರುತ್ತದೆ. ಅವೆರಡನ್ನೂ ಮೊದಲೇ ಬಿಡಿಸಿ ಬೇರೆ ಇಡಿ. ಟೋಪ ತೆನಿ ಸೆರಗನ್ನು ದಯವಿಟ್ಟು ಹರಿಯಬೇಡಿ. ಕೆಂಪು ಬಿಳಿಯ ಆ ಸಾಲುಗಳನ್ನು ಪಟ್ಟಿ ಮಾಡಿದರೆ ಏನೂ ಉಳಿಯುವುದಿಲ್ಲ. ಅದು ಕೌದಿಗೆ ಹೋಗಲಿ.

ನಮ್ಮ ಅತ್ತೆ ಕೌದಿ ಹೊಲಿಯುವವರು. ನಾನು ಸೀರೆ ಹರಿಯಲು ಕೂತಾಗ ನೋಡಿ, "ಗಟ್ಟಿ ಐತಲ್ಲವಾ, ಅದನ್ಯಾಕ ಹರಿತಿ? ಅದು ಕೌದಿಗಿ ಇರ್ಲಿ, ಜಿರದದ್ದು ನೀ ತಗೋ" ಅಂದರು. ಅವರ ಮಾತಲ್ಲಿ ಹುರುಳಿದೆ. ಕೌದಿಯಲ್ಲಿ ಬಟ್ಟೆಯೇ ಮೇಲೆ ಹರವಿಕೊಂಡಿರುತ್ತದೆ, ಹೊಲಿಗೆ ಹಿಡಿಯುವಷ್ಟು ಜೀವ ಇರಬೇಕು. ಜಮಖಾನೆಯಲ್ಲಿ ಪಟ್ಟಿ ಮಡಚಿ ಅದುಮಿಕೊಂಡು ಕೂತಿರುತ್ತದೆ. ಅಲ್ಲಲ್ಲಿ ತೂತು ಬಿದ್ದ ಸೀರೆಯೂ ನಡೆಯುತ್ತದೆ.

ಎಲ್ಲವನ್ನೂ ಒಗೆದು ಒಣಗಿಸಿ. ಬಣ್ಣ ಬಿಡುತ್ತದೋ ಹೇಗೆ ಅಂತ ನೋಡಲು ಒದ್ದೆ ಬಿಳಿ ಬಟ್ಟೆಯಿಂದ ಜೋರಾಗಿ ತಿಕ್ಕಿ. ಬಿಳಿ ಬಟ್ಟೆ ಕೆಂಪಾದರೆ ಆ ಸೀರೆಯನ್ನು ಬಿಳಿ ಧೋತರದ ಪಕ್ಕ ನೇಯಬೇಡಿ. ಉಪ್ಪು ನೀರಲ್ಲಿ ನೆನೆಹಾಕಿದರೆ ಬಣ್ಣ ನಿಲ್ಲುತ್ತದೆ ಅಂತ ನಂಬಿ ಕೂರಬೇಡಿ. ನೀರು ತಿಳಿಯಾಗುವವರೆಗೆ ಬೇರೆ ಒಗೆಯಿರಿ, ಅಷ್ಟೇ.

ಎಷ್ಟು ಬೇಕು? 70 ಸೆಂಟಿಮೀಟರ್ ಅಗಲ, 140 ಸೆಂಟಿಮೀಟರ್ ಉದ್ದದ ಜಮಖಾನೆಗೆ ಆರು ಗಜದ ಸೀರೆ ಮೂರು ಸಾಕು. ಸ್ವಲ್ಪ ಉಳಿಯಲೂಬಹುದು.

ಬಣ್ಣ

ಇಲ್ಲಿ ಅವಸರ ಮಾಡಬೇಡಿ. ಚಿಂದಿ ಜಮಖಾನೆ ಕೆಡುವುದು ನೇಯ್ಗೆಯಲ್ಲಿ ಕಡಿಮೆ, ಬಣ್ಣದಲ್ಲೇ ಜಾಸ್ತಿ. "ಹೇಗೂ ಚಿಂದಿ, ಕೈಗೆ ಸಿಕ್ಕಿದ್ದು ಹಾಕಿದರಾಯಿತು" ಅಂತ ಹೊರಟರೆ ಕೊನೆಗೆ ಕೆಸರು ಬಣ್ಣದ್ದೊಂದು ಜಮಖಾನೆ ಸಿಗುತ್ತದೆ. ಅಂಥದ್ದನ್ನು ಬಾಗಿಲ ಹೊರಗೆ ಹಾಕುತ್ತಾರೆ, ಒಳಗಲ್ಲ.

ಆಲ್ಟೊ 1950ರ ದಶಕದ ಆರಂಭದಲ್ಲಿ ಮುರಾತ್ಸಾಲೊ ಎಂಬ ದ್ವೀಪದಲ್ಲಿ ತಮಗಾಗಿ ಒಂದು ಬೇಸಿಗೆ ಮನೆ ಕಟ್ಟಿಕೊಂಡರು. ಅದರ ಅಂಗಳದ ಗೋಡೆಗಳಲ್ಲಿ ಸುಮಾರು 50 ತುಂಡುಗಳಿವೆ. ಒಂದೊಂದರಲ್ಲೂ ಇಟ್ಟಿಗೆಯ ಅಳತೆ ಬೇರೆ, ಜೋಡಿಸಿದ ಬಗೆ ಬೇರೆ. ಯಾವ ಇಟ್ಟಿಗೆ ಹೇಗೆ ಕಾಣುತ್ತದೆ, ಮಳೆ ಹಿಮಕ್ಕೆ ಹೇಗೆ ಬಾಳುತ್ತದೆ ಅಂತ ನೋಡಲು ಮಾಡಿದ್ದು. ಬರೀ ಮಾತಲ್ಲಿ ಕೇಳಿದರೆ ಗಜಿಬಿಜಿ ಅನಿಸುತ್ತದೆ. ಚಿತ್ರದಲ್ಲಿ ನೋಡಿ, ಹಾಗಿಲ್ಲ. ಹೆಚ್ಚುಕಡಿಮೆ ಎಲ್ಲವೂ ಇಟ್ಟಿಗೆಯ ಕೆಂಪಿನಲ್ಲೇ ಇದೆ. ಬಣ್ಣ ಒಂದು ಕಡೆ ನಿಂತಿದ್ದರಿಂದ ಜೋಡಣೆ ಎಷ್ಟು ಕುಣಿದರೂ ಕಣ್ಣಿಗೆ ತ್ರಾಸಾಗುವುದಿಲ್ಲ.

ನಾನು ಮಾಡುವುದು ಹೀಗೆ. ಒಂದು ಬಣ್ಣದ ಮನೆತನ ಹಿಡಿಯುವುದು. ದಾಳಿಂಬೆ ಕೆಂಪು, ಗಿರಿಕುಂಕುಮ, ಮಾಸಿದ ಗುಲಾಬಿ, ಇವು ಮೂರೂ ಒಂದೇ ಮನೆಯವು. ಅದಕ್ಕೆ ಒಂದು ತಿಳಿ ಬಣ್ಣ, ಹಳೇ ಧೋತರದ ಬಿಳಿ ಆದೀತು. ಕೊನೆಗೆ ಒಂದೇ ಒಂದು ಕೂಗುವ ಬಣ್ಣ, ಗಿಣಿ ಹಸಿರೋ ಹಳದಿಯೋ. ಅದು ಇಡೀ ಜಮಖಾನೆಯಲ್ಲಿ ಮೂರೋ ನಾಲ್ಕೋ ಗೆರೆ ಮಾತ್ರ. ಬಟ್ಟೆಗಳನ್ನು ಮಡಚಿ ಸಾಲಾಗಿಟ್ಟು ಮೊಬೈಲಿನಲ್ಲಿ ಕಪ್ಪುಬಿಳುಪು ಫೋಟೊ ತೆಗೆಯಿರಿ. ಫೋಟೊದಲ್ಲಿ ಎಲ್ಲವೂ ಒಂದೇ ಬೂದು ಕಂಡರೆ ಗೆರೆಗಳು ಎದ್ದು ಕಾಣುವುದಿಲ್ಲ ಅಂತ ಅರ್ಥ. ಇನ್ನೂ ಗಾಢವಾದದ್ದು ಇಲ್ಲವೇ ಇನ್ನೂ ತಿಳಿಯಾದದ್ದು ಒಂದು ಸೇರಿಸಿ.

ಗೆರೆಯ ಅಗಲ ಒಂದೇ ಸಮ ಇರುವುದು ಬೇಡ. 1951ರಲ್ಲಿ ಆರ್ಮಿ ರಾತಿಯಾ ಮತ್ತು ಅವರ ಗಂಡ ವಿಲ್ಯೊ ಹೆಲ್ಸಿಂಕಿಯಲ್ಲಿ ಮಾರಿಮೆಕ್ಕೊ ಎಂಬ ಬಟ್ಟೆ ಕಂಪನಿ ಶುರು ಮಾಡಿದರು. ಅಲ್ಲಿ ವುಕ್ಕೊ ನುರ್ಮೆಸ್ನಿಯೆಮಿ 1953ರಲ್ಲಿ ಪಿಕ್ಕೊಲೊ ಅನ್ನುವ ಗೆರೆ ಬಟ್ಟೆ ಬಿಡಿಸಿದರು. ಸ್ಕೇಲು ಹಿಡಿದು ಎಳೆದ ಗೆರೆಯಲ್ಲ, ಕುಂಚದಲ್ಲಿ ಎಳೆದದ್ದು, ಅಂಚು ಅಲ್ಲಲ್ಲಿ ನಡುಗುತ್ತದೆ. ಅಚ್ಚು ಹಾಕುವಾಗ ಎರಡು ಬಣ್ಣ ಒಂದರ ಮೇಲೊಂದು ಬಿದ್ದು ನಡುವೆ ಮೂರನೆಯದು ಹುಟ್ಟುತ್ತದೆ. 1956ರಲ್ಲಿ ಅದೇ ಬಟ್ಟೆಯಲ್ಲಿ ಯೊಕಪೊಯ್ಕಾ ಅಂಗಿ ಬಂತು. ಇವತ್ತಿಗೂ ಮಾರುತ್ತಾರೆ.

ಆ ಮೂರನೇ ಬಣ್ಣ ನಮಗೂ ಸಿಗುತ್ತದೆ. ಕೆಂಪು ಗೆರೆ ಮುಗಿದು ಬಿಳಿ ಗೆರೆ ಶುರುವಾಗುವ ಕಡೆ ನಾಲ್ಕಾರು ಸಾಲು ಒಂದು ಕೆಂಪು, ಒಂದು ಬಿಳಿ ಹಾಕಿ. ಹತ್ತಿರದಿಂದ ನೋಡಿದರೆ ಚುಕ್ಕಿ ಚುಕ್ಕಿ, ಬಾಗಿಲಿಂದ ನೋಡಿದರೆ ಗುಲಾಬಿ. ಇಷ್ಟು ಮಾಡಿದರೆ ಸಾಕು, ಜಮಖಾನೆಗೆ ಬೇರೆ ಚಿತ್ತಾರ ಬೇಕಾಗುವುದಿಲ್ಲ.

ನೇಯುವ ಮೊದಲು ಒಂದು ರಟ್ಟಿನ ತುಂಡಿಗೆ ಆಯಾ ಬಟ್ಟೆಯ ಕಿರುಪಟ್ಟಿ ಸುತ್ತಿ ಗೆರೆಗಳ ಕ್ರಮ ನೋಡಿಕೊಳ್ಳಿ. ರಟ್ಟನ್ನು ಗೋಡೆಗೆ ಆನಿಸಿ ಒಂದು ರಾತ್ರಿ ಬಿಡಿ. ಬೆಳಗ್ಗೆಯೂ ಚೆಂದ ಕಂಡರೆ ಸರಿ.

ಪಟ್ಟಿ ಹರಿಯುವುದು

ಪಟ್ಟಿಯ ಅಗಲ ಇಷ್ಟೇ ಅಂತ ಹೇಳಲು ಬರುವುದಿಲ್ಲ, ಬಟ್ಟೆಯ ದಪ್ಪ ನೋಡಬೇಕು. ತೆಳು ಸೀರೆಯಾದರೆ 8ರಿಂದ 9 ಸೆಂಟಿಮೀಟರ್. ಬೆಡ್‌ಶೀಟಾದರೆ 5. ಜೀನ್ಸ್ ಬಟ್ಟೆಯಾದರೆ 2ರಿಂದ 2.5 ಸಾಕು. ಪರೀಕ್ಷೆ ಸುಲಭ. ಪಟ್ಟಿಯನ್ನು ಬೆರಳಲ್ಲಿ ಹೊಸೆದು ನೋಡಿ, ಪೆನ್ಸಿಲ್ ದಪ್ಪ ಬರಬೇಕು. ಯಾವ ಬಟ್ಟೆಯಾದರೂ ಇದೊಂದೇ ಅಳತೆ. ದಪ್ಪ ಹೆಚ್ಚುಕಡಿಮೆಯಾದರೆ ಜಮಖಾನೆ ಒಂದು ಕಡೆ ಉಬ್ಬಿ ಒಂದು ಕಡೆ ಎಳೆದುಕೊಳ್ಳುತ್ತದೆ.

ಕತ್ತರಿಯಿಂದ ಕಚ್ಚು ಹಾಕಿ ಉದ್ದಕ್ಕೆ ಕೈಯಿಂದ ಹರಿಯಿರಿ. ಹಳೇ ಹತ್ತಿ ನೇರವಾಗಿ ಹರಿಯುತ್ತದೆ, ಕತ್ತರಿಗಿಂತ ಬೇಗ. ಆ ತುದಿ ಮುಟ್ಟಲು ಎರಡು ಬೆರಳು ಉಳಿದಿರುವಾಗ ನಿಲ್ಲಿಸಿ. ಮುಂದಿನ ಕಚ್ಚು ಆ ತುದಿಯಿಂದ ಹಾಕಿ ಈ ಕಡೆಗೆ ಹರಿಯುತ್ತಾ ಬನ್ನಿ, ಇಲ್ಲೂ ಎರಡು ಬೆರಳು ಬಿಡಿ. ಹೀಗೆ ಹೋದರೆ ಇಡೀ ಸೀರೆ ಒಂದೇ ಉದ್ದ ಪಟ್ಟಿಯಾಗುತ್ತದೆ. ತಿರುವಿನಲ್ಲಿ ಕಿವಿ ಬಂದಿರುತ್ತದೆ, ಅದನ್ನು ದುಂಡಗೆ ಕತ್ತರಿಸಿ. ದೂಳು ಬಹಳ ಏಳುತ್ತದೆ. ಅಂಗಳದಲ್ಲಿ ಕೂತು ಹರಿಯಿರಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಬಣ್ಣಕ್ಕೊಂದು ಉಂಡೆ ಸುತ್ತಿಡಿ.

ಹೊರಸಿಗೆ ಹಾಸು ಹೂಡುವುದು

ನವಾರ ಪೂರ್ತಿ ಬಿಚ್ಚಿ ಚೌಕಟ್ಟು ಅಲ್ಲಾಡದಂತೆ ಬೆಣೆ ಬಡಿಯಿರಿ. ಆರಡಿ ಉದ್ದದ ಹೊರಸಾದರೆ 140 ಸೆಂಟಿಮೀಟರ್ ನೇಯಬಹುದು. ಉಳಿದದ್ದು ಗೊಂಡೆಗೆ ಬೇಕು, ಮತ್ತೆ ಕೊನೆಗೆ ಕೈಯಾಡಿಸಲು ಜಾಗ ಇರುವುದಿಲ್ಲ.

ಹುರಿ ಹತ್ತಿಯದೇ ಇರಲಿ, ಹಲವು ಎಳೆ ಹೊಸೆದದ್ದು. ಫಿನ್ಲೆಂಡಿನವರು ಮೀನಿನ ಬಲೆಗೆ ಬಳಸುತ್ತಿದ್ದ ಹತ್ತಿ ಹುರಿಯನ್ನೇ ಹಾಸಿನ ಎಳೆಯಾಗಿ ಹಾಕುತ್ತಾರೆ, ಸಾಮಾನ್ಯವಾಗಿ 12 ಎಳೆಯದ್ದು. ಇಲ್ಲಿ ಚೀಲ ಹೊಲಿಯುವ ಗಟ್ಟಿ ಹತ್ತಿ ದಾರ ಕೇಳಿ. ಒಂದು ಮೊಳ ಕೈಗೆ ಸುತ್ತಿ ಜಗ್ಗಿ ನೋಡಿ. ಕೈ ನೋಯಬೇಕು, ದಾರ ಹರಿಯಬಾರದು. ಸುತಳಿ ಬೇಡ, ಉದುರುತ್ತದೆ. ನೈಲಾನ್ ಬೇಡ, ಹಿಗ್ಗುತ್ತದೆ. ಸುಮಾರು 280 ಮೀಟರ್ ಬೇಕಾಗುತ್ತದೆ.

ಸುತ್ತುವ ಮೊದಲು ಕಾಲ್ಕಡೆಯ ಕೋಲಿನ ಹೊರಮೈಗೆ ಎರಡು ಬಿದಿರಿನ ಸೀಳು ಕಟ್ಟಿ, ಹುರಿ ಅವುಗಳ ಮೇಲೇ ಹಾಯಲಿ. ನೇಯುತ್ತಾ ಹೋದಂತೆ ಹಾಸು ಬಿಗಿಯಾಗುತ್ತದೆ. ಆಗ ಒಂದೊಂದೇ ಸೀಳು ಎಳೆದು ತೆಗೆದರೆ ಸಡಿಲ ಸಿಗುತ್ತದೆ. ಇದಿಲ್ಲದಿದ್ದರೆ ಅರ್ಧಕ್ಕೆ ಬರುವಷ್ಟರಲ್ಲಿ ಪಟ್ಟಿ ತೂರಿಸಲು ಬರುವುದಿಲ್ಲ.

ಈಗ ಎರಡೂ ತುದಿಯ ಕೋಲುಗಳ ಮೇಲೆ ಪೆನ್ಸಿಲಿನಿಂದ ಸೆಂಟಿಮೀಟರಿಗೊಂದು ಗುರುತು ಹಾಕಿ, 70 ಗುರುತು. ತಲೆಕಡೆಯ ಕೋಲಿಗೆ ಹುರಿ ಕಟ್ಟಿ ಶುರು ಮಾಡಿ. ಕೋಲಿನ ಮೇಲಿನಿಂದ ಹೊರಟ ಹುರಿ ಕಾಲ್ಕಡೆಯ ಕೋಲಿನ ಅಡಿಗೆ ಹೋಗಿ, ಸುತ್ತಿ ಮೇಲೆ ಬರಬೇಕು. ಅಲ್ಲಿಂದ ಹೊರಟದ್ದು ತಲೆಕಡೆಯ ಕೋಲಿನ ಅಡಿಗೆ ಹೋಗಿ, ಸುತ್ತಿ ಮೇಲೆ ಬರಬೇಕು. ಎಳೆಗಳು ನಡುವೆ ಒಂದನ್ನೊಂದು ದಾಟುತ್ತವೆ. ಒಂದು ಗುರುತಿಗೆ ಒಂದು ಸುತ್ತು, ಒಂದು ಸುತ್ತಿಗೆ ಎರಡು ಎಳೆ. ಒಟ್ಟು 140 ಎಳೆ, ಸೆಂಟಿಮೀಟರಿಗೆ 2. ಅಲ್ಲಿಯ ಮಗ್ಗದಲ್ಲಿ 2ರಿಂದ 3 ಇರುತ್ತದೆ, ಕೈಯಲ್ಲಿ ನೇಯಲು 2 ಸಾಕು. ಎರಡೂ ಅಂಚಿಗೆ ಕೊನೆಯ ಎರಡು ಸುತ್ತನ್ನು ಜೋಡಿ ಹುರಿಯಲ್ಲಿ ಹಾಕಿ. ಜಮಖಾನೆ ಮೊದಲು ಸವೆಯುವುದೇ ಅಂಚಿನಲ್ಲಿ.

ಅಂಗೈಯಿಂದ ಹಾಸನ್ನು ಅಡ್ಡಕ್ಕೆ ಒತ್ತುತ್ತಾ ಹೋಗಿ. ಎಲ್ಲಾ ಕಡೆ ಒಂದೇ ಬಿಗಿ ಇರಬೇಕು. ಮೆತ್ತಗಿದ್ದ ಕಡೆ ಹುರಿ ಜಗ್ಗಿ ಸರಿಮಾಡಿ.

ಎಳೆಗಳು ದಾಟುವ ಜಾಗದ ಆಚೆ ಮೇಲಿನ ಎಳೆ, ಕೆಳಗಿನ ಎಳೆ ಅಂತ ಎರಡು ಪದರ ಕಾಣುತ್ತವೆ. ಆ ಸಂದಿನಲ್ಲಿ ಮರದ ಅಗಲ ಪಟ್ಟಿ ತೂರಿಸಿ. ಅದನ್ನು ಅಂಚಿನ ಮೇಲೆ ನಿಲ್ಲಿಸಿದರೆ ಬಟ್ಟೆ ಪಟ್ಟಿ ತೂರಿಸಲು ಒಂದು ಬಾಯಿ ತೆರೆಯುತ್ತದೆ. ಇನ್ನೊಂದು ಬಾಯಿಗೆ, ಕೆಳಗಿನ ಒಂದೊಂದು ಎಳೆಗೂ ದಾರದ ಕುಣಿಕೆ ಹಾಕಿ ಎಲ್ಲವನ್ನೂ ದುಂಡು ಕೋಲಿಗೆ ಕಟ್ಟಿ. ಕೋಲು ಎತ್ತಿದರೆ ಕೆಳಗಿನವು ಮೇಲೆ ಬರುತ್ತವೆ. 70 ಕುಣಿಕೆ ಕಟ್ಟುವುದು ಬೇಸರದ ಕೆಲಸ. ರೇಡಿಯೊ ಹಚ್ಚಿಕೊಳ್ಳಿ.

ನೇಯುವುದು

ಮೊದಲು ಅದೇ ಹುರಿಯಿಂದ ಆರೇಳು ಸಾಲು ನೇಯಿರಿ. ಎಳೆಗಳು ಸಮನಾಗಿ ಹರಡಿಕೊಳ್ಳುತ್ತವೆ. ಆಮೇಲೆ ಬಟ್ಟೆ ಪಟ್ಟಿ. ಒಂದು ಮೊಳದುದ್ದದ ಚಪ್ಪಟೆ ಕೋಲಿಗೆ ಪಟ್ಟಿ ಸುತ್ತಿಕೊಂಡರೆ ಅದೇ ಲಾಳಿ. ಸೀರೆ ಮಗ್ಗದ ಲಾಳಿಯಲ್ಲಿ ಇದು ಹಿಡಿಯುವುದಿಲ್ಲ.

ಪಟ್ಟಿಯನ್ನು ನೇರ ಎಳೆದು ಬಡಿಯಬೇಡಿ. ನಡುವೆ ಗುಡ್ಡದ ಹಾಗೆ ಎತ್ತರಿಸಿ ಬಿಟ್ಟು, ಆಮೇಲೆ ಬಡಿದು ಇಳಿಸಿ. 70 ಸೆಂಟಿಮೀಟರ್ ಅಗಲಕ್ಕೆ ಸುಮಾರು 80 ಸೆಂಟಿಮೀಟರ್ ಪಟ್ಟಿ ಒಳಗೆ ಹೋಗಬೇಕು. ಬಿಗಿ ಎಳೆದರೆ ಜಮಖಾನೆ ನಡುವೆ ಸೊಂಟ ಕಟ್ಟಿಕೊಳ್ಳುತ್ತದೆ. ಸಾಲು ಸಾಲಿಗೂ ಟೇಪು ಹಿಡಿಯುವುದು ಆಗದ ಮಾತು. 70 ಸೆಂಟಿಮೀಟರಿನ ಒಂದು ಕಡ್ಡಿ ಕತ್ತರಿಸಿಟ್ಟುಕೊಂಡು ಆಗಾಗ ಅಡ್ಡ ಇಟ್ಟು ನೋಡಿ.

ಬಡಿಯಲು ಜಮಖಾನೆ ನೇಯುವವರ ಪಂಜಾ, ಅಂದರೆ ಹಲ್ಲುಗಳಿರುವ ಬಾಚಣಿಗೆಯಂಥ ಸಾಧನ, ಸಿಕ್ಕರೆ ಒಳ್ಳೆಯದು. ಇಲ್ಲದಿದ್ದರೆ ಗಟ್ಟಿ ಮುಳ್ಳುಚಮಚ. ಬಾಯಿ ತೆರೆದಿರುವಾಗ ಒಮ್ಮೆ, ಬಾಯಿ ಬದಲಿಸಿದ ಮೇಲೆ ಇನ್ನೊಮ್ಮೆ, ಜೋರಾಗಿ. 10 ಸೆಂಟಿಮೀಟರಿನಲ್ಲಿ ಸುಮಾರು 15 ಸಾಲು ಕೂಡಬೇಕು. 10 ಸಾಲೇ ಬಂದಿದ್ದರೆ ನೀವು ಬಡಿಯುತ್ತಿಲ್ಲ, ಸವರುತ್ತಿದ್ದೀರಿ.

ಪಟ್ಟಿ ಮುಗಿದರೆ ಗಂಟು ಹಾಕಬೇಡಿ, ಕಾಲಿಗೆ ಒತ್ತುತ್ತದೆ. ಮುಗಿದ ತುದಿಯನ್ನೂ ಹೊಸ ತುದಿಯನ್ನೂ ಒಂದು ಗೇಣಿನ ಅರ್ಧದಷ್ಟು ಓರೆಯಾಗಿ ಕತ್ತರಿಸಿ, ಒಂದರ ಮೇಲೊಂದು ಇಟ್ಟು ಬಡಿಯಿರಿ. ಜೋಡಣೆ ಅಂಚಿಗೆ ಬರದಂತೆ ನೋಡಿಕೊಳ್ಳಿ. ಅಚ್ಚು ಬಟ್ಟೆಯಾದರೆ ಬಣ್ಣದ ಮೈ ಹೊರಗೆ ಇರುವಂತೆ ಮಡಚಿಕೊಳ್ಳುತ್ತಾ ಹೋಗಿ. ಇಳಕಲ್ ಸೀರೆಗೆ ಆ ತಾಪತ್ರಯ ಇಲ್ಲ. ನೂಲಿಗೇ ಬಣ್ಣ ಹಾಕಿ ನೇಯ್ದದ್ದು, ಎರಡೂ ಮೈ ಒಂದೇ.

ಕೊನೆಗೆ ಮತ್ತೆ ಆರೇಳು ಸಾಲು ಹುರಿ. ಹೊರಸಿನಿಂದ ಒಮ್ಮೆಲೇ ಕತ್ತರಿಸಬೇಡಿ. ನಾಲ್ಕು ಎಳೆ ಕತ್ತರಿಸುವುದು, ಗಂಟು ಹಾಕಿ ನೇಯ್ಗೆಗೆ ಒತ್ತುವುದು, ಮತ್ತೆ ನಾಲ್ಕು. ಹೊರಸಿನಿಂದ ಇಳಿದ ಮೇಲೆ ಉದ್ದ ಸ್ವಲ್ಪ ಕುಗ್ಗುತ್ತದೆ, ಒಗೆದ ಮೇಲೆ ಇನ್ನೂ ಸ್ವಲ್ಪ. ಗಾಬರಿ ಬೇಡ.

ಒಗೆಯುವುದು, ಹಾಸುವುದು

ಹೆಲ್ಸಿಂಕಿಯಲ್ಲಿ ಜಮಖಾನೆ ತೊಳೆಯಲೆಂದೇ ಸಮುದ್ರದ ದಂಡೆಯಲ್ಲಿ ಹಲಗೆಯ ಕಟ್ಟೆಗಳನ್ನು ಮಾಡಿದ್ದಾರೆ. ಬೇಸಿಗೆ ಬಂತೆಂದರೆ ಜನ ಜಮಖಾನೆ ಸುತ್ತಿಕೊಂಡು ಬರುತ್ತಾರೆ. ಮೇಜಿನ ಮೇಲೆ ಹಾಸಿ, ಪೈನ್ ಮರದ ಎಣ್ಣೆಯ ಸೋಪು ಹಚ್ಚಿ, ಬ್ರಷ್ಷಿನಿಂದ ಉಜ್ಜಿ, ಕೈಯಿಂದ ತಿರುಗಿಸುವ ಉರುಳೆಗಳ ನಡುವೆ ಹಿಂಡಿ, ಕಟಾಂಜನಕ್ಕೆ ಹಾಕಿ ಒಣಗಿಸುತ್ತಾರೆ. ಕೊಳೆ ನೀರು ಸಮುದ್ರ ಸೇರಬಾರದು ಅಂತ ಈಗ ಎಷ್ಟೋ ಕಡೆ ತೊಳೆಯುವ ಜಾಗವನ್ನು ದಡದ ಮೇಲಕ್ಕೆ ತಂದಿದ್ದಾರೆ.

ನಮ್ಮ ಬೋರಿನ ನೀರು ಗಡಸು. ಸೋಪು ನೊರೆಯಾಗುವ ಬದಲು ಬಿಳಿ ಜಿಡ್ಡಾಗಿ ಬಟ್ಟೆಯಲ್ಲಿ ಕೂರುತ್ತದೆ. ಅಂಟವಾಳ ಕಾಯಿ ನೆನೆಸಿ ಕುದಿಸಿದ ನೀರು ಬಳಸಿ, ಆ ಜಿಡ್ಡು ಬರುವುದಿಲ್ಲ. ಮಹಡಿಯ ಮೇಲೆ ಹಾಸಿ, ಗಟ್ಟಿ ಬ್ರಷ್ಷಿನಿಂದ ಅಡ್ಡಕ್ಕೆ, ಅಂದರೆ ಪಟ್ಟಿ ಹೋದ ದಿಕ್ಕಿನಲ್ಲೇ ಉಜ್ಜಿ. ಉದ್ದಕ್ಕೆ ಉಜ್ಜಿದರೆ ಸಾಲುಗಳು ಸರಿಯುತ್ತವೆ. ಹಿಂಡಬೇಡಿ. ಸುತ್ತಿ ಗೋಡೆಗೆ ನಿಲ್ಲಿಸಿ ನೀರು ಇಳಿಸಿ, ಆಮೇಲೆ ನೆರಳಲ್ಲಿ ಹರವಿ. ಮಾರ್ಚ್, ಏಪ್ರಿಲ್ ಬಿಸಿಲಿನಲ್ಲಿ ಎರಡು ದಿನ ಬಿಟ್ಟರೆ ದಾಳಿಂಬೆ ಕೆಂಪು ಅರ್ಧ ಹೋಗಿರುತ್ತದೆ. ಮಳೆಗಾಲದಲ್ಲಿ ಒಗೆಯಲೇ ಬೇಡಿ, ಒಳಗಿನ ತೇವ ಆರುವುದಿಲ್ಲ, ವಾಸನೆ ಹಿಡಿಯುತ್ತದೆ.

ಹಲಗೆಯ ನೆಲದ ಮೇಲೆ ಕೂರುವಷ್ಟು ಗಟ್ಟಿಯಾಗಿ ಇದು ನಮ್ಮ ಪಾಲಿಶ್ ಗ್ರಾನೈಟ್ ಮೇಲೆ ಕೂರುವುದಿಲ್ಲ. ಮನೆಯಲ್ಲಿ ವಯಸ್ಸಾದವರಿದ್ದರೆ ಅಡಿಗೆ ರಬ್ಬರ್ ಜಾಲರಿ ಹಾಕಲೇಬೇಕು. ಎರಡೂ ಮೈ ಒಂದೇ ಆದ್ದರಿಂದ ತಿಂಗಳಿಗೊಮ್ಮೆ ಮಗುಚಿ ಹಾಸಿ, ಸವೆತ ಹಂಚಿಹೋಗುತ್ತದೆ. ಬೆಕ್ಕು ಉಗುರು ಹಾಕಿ ಎಲ್ಲಾದರೂ ಪಟ್ಟಿ ಎದ್ದರೆ ಕತ್ತರಿಸಬೇಡಿ. ಕ್ರೋಶಾ ಕಡ್ಡಿಯಿಂದ ಹಿಂದಿನ ಮೈಗೆ ಎಳೆದು ಪಕ್ಕದ ಸಾಲಿನೊಳಗೆ ಸಿಕ್ಕಿಸಿಬಿಡಿ.